ಪ್ರಳಯ ಆದಮೇಲೆ ಸೈಕಲ್ಲೇ ಗತಿ

ಲೋಕ ಹಾಳಾದ ಮೇಲಿನ ಕಥೆ ಹೇಳುವ ಸಿನಿಮಾಗಳಲ್ಲಿ ಒಂದು ವಿಷಯ ನನಗೆ ಯಾವತ್ತೂ ಒಪ್ಪಿಗೆ ಆಗಿರಲಿಲ್ಲ. ಹನಿ ಪೆಟ್ರೋಲಿಗಾಗಿ ಜನ ಒಬ್ಬರನ್ನೊಬ್ಬರು ಕೊಲ್ಲುತ್ತಾರೆ. ಅದೇ ಪೆಟ್ರೋಲ್ ಸುರಿದುಕೊಂಡು ಲಾರಿಯಂಥ ಗಾಡಿಗಳಲ್ಲಿ ಹಗಲೆಲ್ಲ ಅಟ್ಟಾಡಿಸುತ್ತಾರೆ. ‘ಟರ್ಬೋ ಕಿಡ್’ ನೋಡಿದಾಗ ಸಮಾಧಾನ ಆಯಿತು. ಇದರಲ್ಲಿ ಎಲ್ಲರೂ ಸೈಕಲ್ ತುಳಿಯುತ್ತಾರೆ. ನಾಯಕನದೂ ಬಿಎಂಎಕ್ಸ್ ಸೈಕಲ್ (ಮಣ್ಣಿನ ದಾರಿಯಲ್ಲಿ ರೇಸು, ಕಸರತ್ತು ಮಾಡುವ ಸಣ್ಣ ಚಕ್ರದ್ದು), ಕೊಲ್ಲೋಕೆ ಬರುವವರದೂ ಸೈಕಲ್. ಏದುಸಿರು ಬಿಡುತ್ತಾ, ಮಣ್ಣಿನ ದಿಬ್ಬ ಹತ್ತಿ ಇಳಿದು ಬೆನ್ನಟ್ಟುತ್ತಾರೆ.

ಕಾರುಗಳನ್ನು ತಂದು ಉರುಳಿಸುವಷ್ಟು ದುಡ್ಡಿನ ಸಿನಿಮಾ ಅಲ್ಲ ಇದು. ಆದರೆ ಆ ಕೊರತೆಯಿಂದಲೇ ಕಥೆಯ ಲೋಕ ಗಟ್ಟಿಯಾಗಿ ನಿಂತಿದೆ. ಎಣ್ಣೆ ಮುಗಿದ ಲೋಕದಲ್ಲಿ ಸೈಕಲ್ಲಲ್ಲದೆ ಇನ್ನೇನು ಓಡುತ್ತೆ ಹೇಳಿ?

ನಾನು ಹಾಸನದಲ್ಲಿ ಹಳ್ಳಿ ನಾಟಕಗಳಿಗೆ ಬಣ್ಣ ಹಚ್ಚುವವನು. ಶಿವರಾತ್ರಿ ಕಳೆದು ಮಳೆ ಹಿಡಿಯುವ ತನಕ ನಮಗೆ ಬಿಡುವಿಲ್ಲ. ಇವತ್ತು ಚನ್ನರಾಯಪಟ್ಟಣದ ಕಡೆ ‘ಕುರುಕ್ಷೇತ್ರ’, ನಾಳೆ ಹೊಳೆನರಸೀಪುರದ ಕಡೆ ಇನ್ನೊಂದು ‘ಕುರುಕ್ಷೇತ್ರ’. ಪಾತ್ರಧಾರಿಗಳೇ ದುಡ್ಡು ಹಾಕಿ ನಾಟಕ ಆಡುತ್ತಾರೆ. ದುರ್ಯೋಧನ ಆಗಬೇಕು ಅಂದರೆ ಜಾಸ್ತಿ ಕೊಡಬೇಕು, ದ್ವಾರಪಾಲಕನಿಗೆ ಕಮ್ಮಿ. ಆ ದುಡ್ಡಲ್ಲೇ ಸೀನರಿ, ಹಾರ್ಮೋನಿಯಂ ಮೇಷ್ಟ್ರು, ಲೈಟು, ಕಿರೀಟ, ಗದೆ, ನನ್ನ ಬಣ್ಣ ಎಲ್ಲ ಮುಗಿಯಬೇಕು. ಹಾಗಾಗಿ ದುಡ್ಡಿಲ್ಲದೆ ಕೆಲಸ ಮಾಡಿದವರ ಕೈ ನನಗೆ ಬೇಗ ಕಾಣುತ್ತದೆ.

ಈ ಸಿನಿಮಾ ಮಾಡಿದವರು ಕೆನಡಾದ ಕ್ವಿಬೆಕ್‌ನ ಮೂವರು: ಫ್ರಾಂಸ್ವಾ ಸಿಮಾರ್, ಅನೂಕ್ ವಿಸೆಲ್ ಮತ್ತು ಅನೂಕ್ ಅವರ ಸೋದರ ಯೋನ್-ಕಾರ್ಲ್ ವಿಸೆಲ್. ಮೊದಲು ಒಂದು ಕಿರುಚಿತ್ರ ಮಾಡಿ ಸ್ಪರ್ಧೆಗೆ ಕಳಿಸಿದ್ದರು. ಗೆಲ್ಲಲಿಲ್ಲ. ಆದರೆ ನ್ಯೂಜಿಲೆಂಡ್‌ನ ನಿರ್ಮಾಪಕ ಆಂಟ್ ಟಿಂಪ್ಸನ್ ಅವರಿಗೆ ಅದು ಹಿಡಿಸಿತು. ಅದೇ ಬೆಳೆದು ಎರಡೂ ದೇಶ ಸೇರಿ ಮಾಡಿದ ಪೂರ್ತಿ ಸಿನಿಮಾ ಆಯಿತು. 2015ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ.

ಕಥೆ ನಡೆಯುವುದು 1997ರಲ್ಲಿ. 2015ರ ಸಿನಿಮಾಕ್ಕೆ ಅದು ಹಳೇ ಕಾಲ, ಆದರೆ ಕಥೆಯೊಳಗೆ ಅದೇ ಭವಿಷ್ಯ! 1980ರ ದಶಕದಲ್ಲಿ ಕೂತು ಯಾರೋ ಮುಂದಿನ ಕಾಲವನ್ನು ಊಹಿಸಿದ ಹಾಗೆ ಎಲ್ಲವನ್ನೂ ಕಟ್ಟಿದ್ದಾರೆ. ಮ್ಯೂಸಿಕ್ ಕೂಡ ಹಾಗೇ. ಲೆ ಮಾಟೋಸ್ ಅನ್ನೋ ತಂಡದ್ದು, ಪೂರ್ತಿ ಸಿಂಥಸೈಸರ್. ಮೊದಲ ಸ್ವರಕ್ಕೇ ಹಳೇ ವಿಡಿಯೋ ಕ್ಯಾಸೆಟ್ ಹಾಕಿದ ಹಾಗೆ ಅನಿಸುತ್ತದೆ. ಕ್ಯಾಸೆಟ್ ಬಾಡಿಗೆಗೆ ತಂದು ನೋಡಿದವರಿಗೆ ಗೊತ್ತು ಆ ಸುಖ.

ಅಪ್ಪ ಅಮ್ಮ ಇಲ್ಲದ ಹುಡುಗ. ಪಾಳುಬಿದ್ದ ಜಾಗಗಳಲ್ಲಿ ಗುಜರಿ ಆಯ್ದು, ಕೊಟ್ಟು, ನೀರು ತಗೊಳ್ಳುತ್ತಾನೆ. ಟರ್ಬೋ ರೈಡರ್ ಅನ್ನೋ ಕಾಮಿಕ್ಸ್ ನಾಯಕ ಅಂದರೆ ಪ್ರಾಣ. ಅವನ ಜೊತೆಗೆ ಆಪಲ್ ಅನ್ನೋ ಹುಡುಗಿ ಬಂದು ಅಂಟಿಕೊಳ್ಳುತ್ತಾಳೆ. ಜೀಯಸ್ ಅನ್ನುವ ಒಕ್ಕಣ್ಣ ಆ ಸೀಮೆಯ ನೀರನ್ನೆಲ್ಲ ಕೈಯಲ್ಲಿ ಹಿಡಿದಿದ್ದಾನೆ. ಆ ನೀರು ಬರುವುದು ಎಲ್ಲಿಂದ ಗೊತ್ತಾ? ಮನುಷ್ಯರನ್ನು ಯಂತ್ರಕ್ಕೆ ಹಾಕಿ ಹಿಂಡಿ. ಅರಸೀಕೆರೆ ಸೀಮೆಯಲ್ಲಿ ಬೆಳೆದ ನನಗೆ ಆ ಜಾಗದಲ್ಲಿ ಮೈ ಜುಮ್ ಅಂದಿತು. ಸಾವಿರ ಅಡಿ ಕೊರೆಸಿದರೂ ಬೋರಲ್ಲಿ ಬರೀ ಧೂಳು ಬಂದಾಗ ನಿಂತವರ ಮುಖ ನಾನು ನೋಡಿದ್ದೇನೆ. ಅದೇ ಜಿಲ್ಲೆಯ ಸಕಲೇಶಪುರದಲ್ಲಿ ಮಳೆ ನಿಲ್ಲೋದೇ ಇಲ್ಲ. ನೀರಿದ್ದವನು ಹೇಳಿದ್ದೇ ಕಾನೂನು ಅನ್ನೋದು ನಮಗೆ ದೂರದ ಕಲ್ಪನೆ ಅಲ್ಲ.

ಜೀಯಸ್ ಪಾತ್ರದಲ್ಲಿ ಮೈಕೆಲ್ ಐರನ್‌ಸೈಡ್. ‘ಟೋಟಲ್ ರಿಕಾಲ್’ನ ಖಳ ಅಂದರೆ ಹಲವರಿಗೆ ನೆನಪಾಗಬಹುದು. ಅಷ್ಟು ದೊಡ್ಡ ನಟ ಈ ಹುಡುಗರ ಸಣ್ಣ ಸಿನಿಮಾಕ್ಕೆ ಬಂದು, ಒಂದು ಮಾತನ್ನೂ ಕಾಟಾಚಾರಕ್ಕೆ ಹೇಳಿಲ್ಲ. ಸಾಲ ತೀರಿಸುವ ಹಾಗೆ ನಟಿಸುವವರನ್ನು ಕಂಡವನು ನಾನು, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಈಗ ರಕ್ತದ ಮಾತಿಗೆ ಬರುತ್ತೇನೆ, ನನಗೆ ಮುಖ್ಯವಾದದ್ದು ಅದೇ. ಈ ಸಿನಿಮಾದಲ್ಲಿ ರಕ್ತ ಕಾರಂಜಿಯ ಹಾಗೆ ಚಿಮ್ಮುತ್ತದೆ. ಕೈ ಹಾರುತ್ತೆ, ತಲೆ ಹಾರುತ್ತೆ. ಒಬ್ಬನ ಕರುಳನ್ನು ಸೈಕಲ್ ಚಕ್ರಕ್ಕೆ ಕಟ್ಟಿ ತುಳಿಯುವ ದೃಶ್ಯವೂ ಇದೆ. ಜೊತೆಗೆ ನೋಡಿದ ನನ್ನ ಅಕ್ಕನ ಮಗ ‘ಮಾಮ, ಇದೆಂಥ ಹುಚ್ಚು’ ಅಂದ. ನಾನು ಕೇಳಿದೆ: ನರಸಿಂಹ ಹಿರಣ್ಯಕಶಿಪುವಿನ ಹೊಟ್ಟೆ ಬಗೆದು ಕರುಳನ್ನು ಮಾಲೆ ಹಾಕಿಕೊಂಡಾಗ ನೀನೇ ಶಿಳ್ಳೆ ಹೊಡೆದಿಲ್ವಾ? ಭೀಮ ದುಶ್ಶಾಸನನ ಎದೆ ಸೀಳುವ ಹೊತ್ತಿಗೆ, ಬೆಳಗಿನ ಜಾವ, ನಿದ್ದೆಗಣ್ಣಿನ ಜನ ಎದ್ದು ಕೂರುತ್ತಾರಲ್ಲ, ಅದೇ ಇದು. ಅತಿಯಾದಾಗ ನಗು ಬರುತ್ತೆ. ನಗುತ್ತಲೇ ನ್ಯಾಯ ಆಯಿತು ಅನಿಸುತ್ತೆ.

ಇಲ್ಲಿನ ರಕ್ತ ಬಹುಪಾಲು ಕಂಪ್ಯೂಟರಿನದ್ದಲ್ಲ, ಕ್ಯಾಮೆರಾ ಮುಂದೆಯೇ ಚಿಮ್ಮಿದ್ದು. ಅದರ ಭಾರ ಕಣ್ಣಿಗೆ ಗೊತ್ತಾಗುತ್ತೆ. ಬಟ್ಟೆಗೆ ಹಿಡಿಯುತ್ತೆ, ಮುಖದ ಮೇಲೆ ನಿಧಾನಕ್ಕೆ ಇಳಿಯುತ್ತೆ. ನಾವು ಮೊದಲು ಕುಂಕುಮದ ನೀರು ಬಳಸುತ್ತಿದ್ದೆವು. ಅದು ಲೈಟಿನಡಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ನೀರಿನಂತೆ ಹರಿದು ಹೋಗುತ್ತದೆ. ಈಗ ನಾನು ಸಕ್ಕರೆ ಪಾಕಕ್ಕೆ ಸ್ವಲ್ಪ ಕಾರ್ನ್‌ಫ್ಲೋರ್ ಕದಡಿ ಹಾಕಿ ಕಾಯಿಸುತ್ತೇನೆ. ಪಾಕ ಸೌಟಿಗೆ ಅಂಟಬೇಕು, ಆದರೆ ಎಳೆ ಬರಬಾರದು. ಆರಿದ ಮೇಲೆ ಅಡುಗೆಯ ಕೆಂಪು ಬಣ್ಣ. ಅಷ್ಟೇ ಆದರೆ ಗುಲಾಬಿ ಶರಬತ್ತಿನ ಹಾಗೆ ಕಾಣುತ್ತೆ. ಅದಕ್ಕೆ ಒಂದೆರಡು ಚಮಚ ಗಟ್ಟಿ ಕಾಫಿ ಡಿಕಾಕ್ಷನ್ ಬೀಳಬೇಕು. ಆಗ ನೋಡಿ, ಕಡುಗೆಂಪು! ಬಾಯಿಗೆ ಹೋದರೂ ಪಾತ್ರಧಾರಿಗೆ ತೊಂದರೆ ಇಲ್ಲ. ಒಂದೇ ಕಷ್ಟ, ವೆಲ್ವೆಟ್ ಅಂಗಿಗೆ ಬಿದ್ದರೆ ರಾತ್ರಿಯೇ ತೊಳೆಯಬೇಕು. ಇಲ್ಲಾಂದ್ರೆ ಬೆಳಿಗ್ಗೆ ಪೆಟ್ಟಿಗೆ ತುಂಬ ಇರುವೆ.

ಸಿನಿಮಾದವರು ಇಂಥ ರಕ್ತವನ್ನು ತೋಟಕ್ಕೆ ಔಷಧಿ ಹೊಡೆಯುವಂಥ ಕ್ಯಾನಿಗೆ ತುಂಬಿ, ಗಾಳಿ ಒತ್ತಿ, ಬಟ್ಟೆಯೊಳಗಿನ ಸಣ್ಣ ಪೈಪಿನಲ್ಲಿ ಬಿಡುವುದುಂಟು. ಕಾಫಿ ಸೀಮೆಯಲ್ಲಿ ಅಂಥ ಕ್ಯಾನಿಗೆ ಬರ ಇಲ್ಲ. ಔಷಧಿ ಮುಟ್ಟದ ಹೊಸದು ಬೇಕು, ಅಷ್ಟೇ. ನಮ್ಮ ನಾಟಕಕ್ಕೂ ಇದನ್ನು ತರೋಣ ಅಂತ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಮಾತಾಡಿದ್ದೇನೆ. ‘ಹಾಡು ಕೆಡದಿದ್ರೆ ಸಾಕು ಕಣಯ್ಯ, ಮಾಡು’ ಅಂದಿದ್ದಾರೆ.

ಇಷ್ಟು ರಕ್ತದ ನಡುವೆ ಸಿನಿಮಾ ನಿಂತಿರುವುದು ಮಾತ್ರ ಆಪಲ್ ಮೇಲೆ. ಲಾರೆನ್ಸ್ ಲೆಬಫ್ ಮಾಡಿದ್ದಾರೆ. ಕಣ್ಣು ಅಗಲಿಸಿಕೊಂಡು, ಹಲ್ಲು ಬಿಟ್ಟು, ಸಾವಿನ ಬಾಯಲ್ಲೂ ಹೊಸ ಗೆಳೆಯ ಸಿಕ್ಕಿದ ಅಂತ ಕುಣಿಯುತ್ತಾಳೆ. ಅವಳ ಆಯುಧ ಅಂದರೆ ಕೋಲಿನ ತುದಿಗೆ ಕಟ್ಟಿದ ಒಂದು ಕುಳ್ಳ ಗಡ್ಡದಜ್ಜನ ಬೊಂಬೆ, ವಿದೇಶದಲ್ಲಿ ಮನೆ ಮುಂದೆ ಗಿಡಗಳ ನಡುವೆ ಇಡ್ತಾರಲ್ಲ, ಅಂಥದ್ದು. ಅವಳು ಯಾರು ಅನ್ನೋದನ್ನು ನಾನಿಲ್ಲಿ ಹೇಳಲ್ಲ. ಮೊದಲು ಅತಿ ಅನಿಸಿದ ನಗುವಿಗೆ ಆಮೇಲೆ ಕಾರಣ ಸಿಗುತ್ತದೆ. ಕಾರಣ ತಿಳಿದ ಮೇಲೆ ಅದೇ ನಗು ಕರುಳು ಹಿಂಡುತ್ತದೆ. ಹುಡುಗನ ಪಾತ್ರದ ಮನ್ರೋ ಚೇಂಬರ್ಸ್ ಜಾಸ್ತಿ ಮಾತಾಡುವುದಿಲ್ಲ. ಅವಳನ್ನು ನೋಡುತ್ತಾನೆ, ಅಷ್ಟೇ. ಸಾಕಾಗುತ್ತೆ.

ನಡುವೆ ಒಂದಷ್ಟು ಹೊತ್ತು ಎಳೆದಿದ್ದಾರೆ, ಪಂಜ ಕುಸ್ತಿಯ ಕೌಬಾಯ್ ಭಾಗ ನನಗೆ ಸ್ವಲ್ಪ ಉದ್ದ ಅನಿಸಿತು. ಆದರೂ ಒಂದೂವರೆ ಗಂಟೆ ಚಿಲ್ಲರೆಯಲ್ಲಿ ಮುಗಿಯುವ ಸಿನಿಮಾ, ಬೇಸರ ಆಗುವಷ್ಟು ಏನಿಲ್ಲ. ಸಣ್ಣ ಮಕ್ಕಳಿಗೆ ತೋರಿಸಬೇಡಿ. ಹೈಸ್ಕೂಲ್ ದಾಟಿದವರ ಜೊತೆ ಕೂತು ನೋಡಿ, ಅದರಲ್ಲೂ ನಾಟಕ, ಕಿರುಚಿತ್ರ ಅಂತ ಓಡಾಡುವ ಹುಡುಗರ ಜೊತೆ. ನಮ್ಮ ಹಾಸನದಲ್ಲಿ ಮೊಬೈಲ್ ಹಿಡಿದು ಸಿನಿಮಾ ಮಾಡ್ತೀವಿ ಅನ್ನುವ ಹುಡುಗರು ಬೇಕಾದಷ್ಟಿದ್ದಾರೆ. ಅವರಿಗೆ ರಕ್ತ ಬೇಕಾದರೆ ನನ್ನ ಹತ್ತಿರ ಬರಲಿ, ಪಾಕ ಕಾಯಿಸಿ ಕೊಡುತ್ತೇನೆ. ಸೈಕಲ್ ಅವರೇ ತರಲಿ.