ಚರ್ಚಿನವರು ಮನೆಗೆ ಬಂದರೆ ಉದ್ದೇಶ ಏನು ಎಂದು ಕೇಳುವವರಿಗೆ

"ತಪ್ಪು ತಿಳ್ಕೋಬೇಡಿ ಅಕ್ಕೋರೇ, ನಿಮ್ಮ ಚರ್ಚಿನವರು ಹೊರಗಿನವರ ಹತ್ರ ಅಷ್ಟು ಚಲೋ ಇರೋದು ಕಡೆಗೆ ಮತಾಂತರಕ್ಕೇ ಅಲ್ವಾ?"

ಇದನ್ನು ನನಗೆ ಶಿರಸಿಯ ಸ್ಟಾಫ್ ರೂಮಿನಲ್ಲಿ ಕೇಳಿದ್ದಾರೆ. ಕಾರವಾರದ ಬಸ್ಸಿನಲ್ಲಿ ಕೇಳಿದ್ದಾರೆ. ಮದುವೆ ಪಂಕ್ತಿಯಲ್ಲಿ ಎಲೆಗೆ ಪಾಯಸ ಬೀಳುವ ಹೊತ್ತಿಗೆ ಕೇಳಿದ್ದಾರೆ. ಕೇಳುವಾಗ ಎಲ್ಲರೂ ದನಿ ತಗ್ಗಿಸುತ್ತಾರೆ. ಎಲ್ಲರೂ "ತಪ್ಪು ತಿಳ್ಕೋಬೇಡಿ" ಎಂದೇ ಶುರು ಮಾಡುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಉತ್ತರ: ಅಲ್ಲ.

ಇಷ್ಟಕ್ಕೆ ಯಾರೂ ಬಿಡುವುದಿಲ್ಲ. ಮುಂದಿನ ಪ್ರಶ್ನೆ ಕೂಡಲೇ ಬರುತ್ತದೆ. "ಹಾಗಾದ್ರೆ ನೀವು ಯಾವಾಗ ಕನ್ವರ್ಟ್ ಆದದ್ದು?" ನಾನು ಆಗಿಲ್ಲ. ನನ್ನ ಅಜ್ಜಿಯ ಅಜ್ಜಿಯೂ ಆಗಿಲ್ಲ. ನಮ್ಮ ಹಿರಿಯರು ಗೋವಾದಿಂದ ಬಂದವರು. ಅಲ್ಲಿ ಪೋರ್ಚುಗೀಸರ ಆಳ್ವಿಕೆಯಲ್ಲಿ ಕ್ರೈಸ್ತರಾದರು. ಅದರಲ್ಲಿ ಒತ್ತಾಯ ಇರಲೇ ಇಲ್ಲ ಎಂದು ನಾನು ಹೇಳುವುದಿಲ್ಲ. 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮ ವಿಚಾರಣೆಯ ಕೋರ್ಟು ಶುರುವಾಯಿತು. ಕ್ರೈಸ್ತರಾದವರು ಹಳೆಯ ಪದ್ಧತಿ ಬಿಟ್ಟಿಲ್ಲ ಎಂದು ಹಿಡಿದು ಶಿಕ್ಷಿಸುವುದೇ ಅದರ ದೊಡ್ಡ ಕೆಲಸವಾಗಿತ್ತು. ಅದರ 1736ರ ಆದೇಶ ಮನೆ ಹತ್ತಿರ ತುಳಸಿ ಬೆಳೆಸುವುದನ್ನೂ ಉಪ್ಪಿಲ್ಲದೆ ಅನ್ನ ಬೇಯಿಸುವುದನ್ನೂ ನಿಷೇಧಿಸಿತು. ಆ ಕಾಟ, ಬರಗಾಲ, ಯುದ್ಧ ಎಲ್ಲದರಿಂದ ತಪ್ಪಿಸಿಕೊಂಡು ದಕ್ಷಿಣಕ್ಕೆ ಇಳಿದು ಬಂದವರ ಮಕ್ಕಳು ನಾವು. ಬಲವಂತ ಎಂದರೆ ಏನು ಎಂದು ನಮ್ಮ ಮನೆತನಗಳಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ನಿಯಮ ಏನು ಹೇಳುತ್ತದೆ ಎಂದು ಕೇಳುವವರೂ ಇದ್ದಾರೆ. ಅವರಿಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಕ್ಯಾಥೊಲಿಕರ 1983ರ ಕಾನೂನು ಸಂಹಿತೆಯಲ್ಲಿ, ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ ಬಲವಂತದಿಂದ ನಂಬಿಕೆಗೆ ತರಬಾರದು ಎಂದು 748ನೇ ನಿಯಮದಲ್ಲೇ ಇದೆ. ದೊಡ್ಡವರು ಯಾರಾದರೂ ತಾವಾಗಿಯೇ ಬಂದು ಜ್ಞಾನಸ್ನಾನ, ಅಂದರೆ ಕ್ರೈಸ್ತರಾಗುವ ವಿಧಿ, ಕೇಳಿದರೂ ಕೂಡಲೇ ನೀರು ಹಾಕಿ ಕಳಿಸುವುದಿಲ್ಲ. ತಿಂಗಳುಗಟ್ಟಲೆ ಕಲಿಕೆ ಇರುತ್ತದೆ, ಮನಸ್ಸು ಬದಲಾಯಿಸಲು ಸಮಯ ಇರುತ್ತದೆ. 2011ರಲ್ಲಿ ವ್ಯಾಟಿಕನ್, ಚರ್ಚುಗಳ ವಿಶ್ವ ಮಂಡಳಿ ಮತ್ತು ಇವ್ಯಾಂಜೆಲಿಕಲ್ ಪಂಗಡಗಳ ಜಾಗತಿಕ ಒಕ್ಕೂಟ ಮೂರೂ ಸೇರಿ ಒಂದು ನಡವಳಿಕೆಯ ಪಟ್ಟಿ ಹೊರತಂದವು. ಆಸೆ ತೋರಿಸುವುದು, ಬಡವರ ಕಷ್ಟವನ್ನು ಬಳಸಿಕೊಳ್ಳುವುದು, ರೋಗಿಗಳ ಅಸಹಾಯಕತೆಯನ್ನು ಬಳಸಿಕೊಳ್ಳುವುದು ತಪ್ಪು ಎಂದು ಅದರಲ್ಲಿ ನೇರವಾಗಿ ಬರೆದಿದೆ. ಇದನ್ನು ಎಲ್ಲರೂ ಪಾಲಿಸುತ್ತಾರಾ? ಇಲ್ಲ. ಪ್ರಾರ್ಥನೆ ಮಾಡಿದರೆ ಕ್ಯಾನ್ಸರ್ ಹೋಗುತ್ತದೆ, ಮಾತ್ರೆ ಬಿಡಿ ಎಂದು ಹೇಳುವವರು ಇದ್ದಾರೆ. ಅವರ ಮೇಲೆ ನಿಮಗಿರುವುದಕ್ಕಿಂತ ಜಾಸ್ತಿ ಸಿಟ್ಟು ನನಗಿದೆ. ಅವರ ಕೆಲಸಕ್ಕೆ ಪಂಕ್ತಿಯಲ್ಲಿ ಕೂತು ಉತ್ತರ ಹೇಳಬೇಕಾದವಳು ನಾನು.

ಸರಿ, ಅದು ಅಲ್ಲಿಗೆ ಮುಗಿಯಿತು. ಆದರೆ ಈ ಪ್ರಶ್ನೆ ಹುಟ್ಟುವುದಕ್ಕೆ ನಮ್ಮ ಕಡೆಯೂ ಒಂದು ಕಾರಣ ಇದೆ. ಅದನ್ನು ನಾವು ಇಗರ್ಜಿಯ, ಅಂದರೆ ಚರ್ಚಿನ, ಒಳಗೆ ಮಾತಾಡುವುದೇ ಇಲ್ಲ. ನನ್ನ ಮಟ್ಟಿಗೆ ಮುಖ್ಯ ವಿಷಯ ಅದೇ.

ಹೊರಗಿನವರ ಜೊತೆ ನಮ್ಮ ಚರ್ಚುಗಳ ಸಂಬಂಧ ಹೇಗಿದೆ ನೋಡಿ. ನಾವು ಶಾಲೆ ನಡೆಸುತ್ತೇವೆ, ಮಕ್ಕಳು ಬರುತ್ತಾರೆ. ದವಾಖಾನೆ ನಡೆಸುತ್ತೇವೆ, ರೋಗಿಗಳು ಬರುತ್ತಾರೆ. ಕಾಳಿಗೋ ಗಂಗಾವಳಿಗೋ ನೆರೆ ಬಂದರೆ ಅಕ್ಕಿ ಚೀಲ, ಚಾದರ ಹಂಚುತ್ತೇವೆ. ಮೇಣದಬತ್ತಿ ಹಚ್ಚಿ ಹೊಲಿಗೆ ತರಬೇತಿ ಉದ್ಘಾಟಿಸುತ್ತೇವೆ. ಒಳ್ಳೆಯ ಕೆಲಸಗಳೇ. ನನ್ನ ಅಕ್ಷರವೂ ಅಂಥ ಒಂದು ಶಾಲೆಯದ್ದು. ಆದರೆ ಎಲ್ಲದರಲ್ಲೂ ಕೊಡುವ ಕೈ ನಮ್ಮದು, ತೆಗೆದುಕೊಳ್ಳುವ ಕೈ ಅವರದು. ಜಾಗ ನಮ್ಮದು, ಕುರ್ಚಿ ನಮ್ಮದು, ಯಾರು ಎಷ್ಟು ಹೊತ್ತು ಮಾತಾಡಬೇಕು ಎಂದು ನಿರ್ಧರಿಸುವವರೂ ನಾವೇ. ವರ್ಷದ ಕೊನೆಗೆ ವರದಿಯಲ್ಲಿ ಅವರ ಹೆಸರಿರುವುದಿಲ್ಲ, ಎಷ್ಟು ಮಂದಿ ಎಂಬ ಅಂಕಿ ಇರುತ್ತದೆ. ಹಾಗೆ ಕೊಡುತ್ತಲೇ ಇದ್ದು ತಾನು ಮಾತ್ರ ಏನೂ ಕೇಳದ ಮನುಷ್ಯನನ್ನು ಕಂಡರೆ ಯಾವ ಊರಿನವರಿಗೂ ಸಂಶಯ ಬರುತ್ತದೆ. ಇವನಿಗೆ ಏನೋ ಬೇಕು, ಏನು ಅಂತ ಹೇಳ್ತಿಲ್ಲ ಅಷ್ಟೆ, ಅನ್ನಿಸುತ್ತದೆ.

ಇದು ನನಗೆ ಹೊಳೆದದ್ದು ಒಂದು ಕ್ರಿಸ್‌ಮಸ್ ಸೌಹಾರ್ದ ಕೂಟದ ದಿನ. ಯಾವ ಇಗರ್ಜಿ ಎಂದು ಹೇಳುವುದಿಲ್ಲ, ಎಲ್ಲಾ ಕಡೆ ಹಾಗೇ ನಡೆಯುತ್ತದೆ. ಶಾಮಿಯಾನ, ವೇದಿಕೆ, ಮೂರು ಧರ್ಮದ ಮೂವರು ಹಿರಿಯರು, ಮೂರು ಶಾಲು. ಎಲ್ಲಾ ಧರ್ಮಗಳ ಸಾರ ಒಂದೇ ಎಂದು ಮೂವರೂ ಹೇಳಿದರು. ಮಕ್ಕಳು ಕುಣಿದರು. ಕಾಗದದ ತಟ್ಟೆಯಲ್ಲಿ ಒಂದು ತುಂಡು ಕೇಕು, ಎರಡು ನೆವ್ರಿ ಎಂಬ ಸಿಹಿ ಕಡುಬು. ನಮ್ಮ ಪಕ್ಕದ ಮನೆಯ ಕಾಕಿ ಹಿಂದಿನ ಸಾಲಿನಲ್ಲಿ ಕೂತಿದ್ದರು. ನಾನು ಹುಟ್ಟುವ ಮೊದಲೇ ಆ ಮನೆಯಲ್ಲಿದ್ದವರು ಅವರು. ಗಂಡ ಬೋಟಿನಲ್ಲಿ ದುಡಿದು ತೀರಿಹೋದರು. ನಮ್ಮಿಬ್ಬರ ಮಾತೂ ಕೊಂಕಣಿಯಲ್ಲೇ. ಕಾರ್ಯಕ್ರಮ ಮುಗಿದು ಕುರ್ಚಿ ಎತ್ತಿಡುವಾಗ ಅವರು ನನ್ನನ್ನು ಕೇಳಿದರು.

"ವರ್ಷಾ ವರ್ಷಾ ನಾವು ಇಲ್ಲಿಗೆ ಬರ್ತೇವೆ. ನಮ್ಮನೆ ಚೌತಿಗೆ ಫಾದರ್ ಒಂದ್ಸಲನೂ ಬರ್ಲಿಲ್ಲ ನೋಡು ಬಾಯ್. ನಾನೇ ಹೋಗಿ ಕರ್ದಿದ್ದೆ. ಯಾಕೆ ಬರೂದಿಲ್ಲ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕರೆದವರು ಬರದಿದ್ದರೆ ಯಾರಾದರೂ ಕೇಳುವ ಹಾಗೆ ಕೇಳಿದರು. ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ. ಮತಾಂತರದ ಬಗ್ಗೆ ಕೇಳಿದರೆ ನಿಯಮದ ಸಂಖ್ಯೆ ಸಮೇತ ಹೇಳಬಲ್ಲೆ. ಇದಕ್ಕೆ ಯಾವ ಸಂಖ್ಯೆ ಹೇಳಲಿ? ಅವತ್ತಿನಿಂದ ನನಗೆ ಅನ್ನಿಸುತ್ತದೆ, ಎಲ್ಲರೂ ನನ್ನನ್ನು ಕೇಳಬೇಕಾದ ಪ್ರಶ್ನೆ ಕಾಕಿಯದ್ದು. ನೀವು ನಮ್ಮ ಮನೆಗೆ ಯಾಕೆ ಬರುವುದಿಲ್ಲ?

ಇದನ್ನು ನಮ್ಮವರ ಮುಂದೆ ಇಟ್ಟರೆ ಮೊದಲು ಬರುವ ಮಾತು ಪ್ರಸಾದದ್ದು. ಹೋದರೆ ಪ್ರಸಾದ ಕೊಡುತ್ತಾರೆ, ತಗೊಂಡರೆ ತಪ್ಪಾಗುತ್ತದೆ, ಬೇಡ ಅಂದರೆ ಬೇಜಾರಾಗುತ್ತದೆ, ಅದಕ್ಕೆ ಹೋಗದಿರುವುದೇ ವಾಸಿ. ಇದು ಹೊಸ ತೊಡಕೇನಲ್ಲ. ಬೈಬಲ್ಲಿನಲ್ಲಿ ಸಂತ ಪೌಲನಿಗೆ ಕೊರಿಂಥ ಊರಿನ ಕ್ರೈಸ್ತರು ಕೇಳಿದ್ದೂ ಇದೇ. ನಮ್ಮ ನಂಬಿಕೆ ಇಲ್ಲದವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಪ್ರಶ್ನೆ ಕೇಳದೆ ಊಟ ಮಾಡಿ ಎಂದು ಅವನು ಬರೆದ. ಇದು ದೇವರಿಗೆ ಇಟ್ಟದ್ದು ಎಂದು ಯಾರಾದರೂ ಹೇಳಿದರೆ ಅದನ್ನು ಮಾತ್ರ ಬಿಡಿ ಎಂದೂ ಬರೆದ. ಮೊದಲ ಕೊರಿಂಥ ಪತ್ರದ 10ನೇ ಅಧ್ಯಾಯದಲ್ಲಿ ಎರಡೂ ಇವೆ. ನಮ್ಮವರು ಎರಡನೆಯದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಪ್ರಸಾದ ತಗೊಳ್ಳುವುದು ಬಿಡುವುದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು, ಅದರಲ್ಲಿ ನಾನು ತಲೆ ಹಾಕುವುದಿಲ್ಲ. ಆದರೆ ಹೋಗುವುದನ್ನೇ ಬಿಡಿ ಎಂದು ಪೌಲ ಎಲ್ಲಿಯೂ ಹೇಳಿಲ್ಲ. ಚಹಾ ಕುಡಿಯಬಹುದು. ಅರ್ಧ ಗಂಟೆ ಕೂತು ಕಾಕಿಯ ಮಂಡಿ ನೋವಿನ ಕಥೆ ಕೇಳಬಹುದು. "ಇದು ನನಗೆ ಆಗೂದಿಲ್ಲ ಕಾಕಿ" ಎಂದು ಪ್ರೀತಿಯಿಂದ ಹೇಳಿದರೆ ಅವರು ಒಳಗಿನಿಂದ ಬಾಳೆಹಣ್ಣು ತಂದುಕೊಡುತ್ತಾರೆ. ಅವರಿಗೆ ಬೇಕಾದದ್ದು ಮನೆಗೆ ಬಂದ ಜನ.

ಅದೇ ಕಾಕಿ ನಮ್ಮ ಮನೆಗೆ ಹೇಗೆ ಬರುತ್ತಾರೆ ಗೊತ್ತಾ? ಚೌತಿಗೆ ಎರಡು ದಿನ ಇರುವಾಗ ನೇರ ಹಿತ್ತಲಿಗೆ. ನಮ್ಮಲ್ಲಿ ಒಂದು ಚಕ್ಕೋತದ ಮರ ಇದೆ. ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ ಅವರಿಗೆ ಚಕ್ಕೋತ ಬೇಕೇ ಬೇಕು. ಅಡಿಕೆ ಗೊನೆ ಒಬ್ಬರ ಮನೆಯಿಂದ, ಎಳೆ ಸೌತೆ ಇನ್ನೊಬ್ಬರ ಮನೆಯಿಂದ, ಕಾಡು ಕಾಯಿಗಳು ಸಂತೆಯಿಂದ. ಚಕ್ಕೋತ ಮಾತ್ರ ಕಿರಿಸ್ತಾನರ ಹಿತ್ತಲಿನದ್ದು. ಕೋಲಿನಿಂದ ತಾವೇ ತೋರಿಸುತ್ತಾರೆ, ಅದು ಬೇಡ ಹುಳ ಬಿದ್ದದ್ದು, ಆ ಕಡೇದು ಕೀಳು ಎಂದು. ತೊಟ್ಟಿನ ಜೊತೆ ಎರಡು ಎಲೆಯೂ ಇರಬೇಕು. ಇಲ್ಲದಿದ್ದರೆ ಇನ್ನೊಂದು ಕೀಳಿಸುತ್ತಾರೆ. ಕೇಳುವುದರಲ್ಲಿ ಅವರಿಗೆ ಒಂದು ಚೂರೂ ಸಂಕೋಚ ಇಲ್ಲ. ಸೆಪ್ಟೆಂಬರ್ 8ಕ್ಕೆ ನಮ್ಮ ತೆನೆ ಹಬ್ಬ, ಮರಿಯಮ್ಮನ ಹುಟ್ಟುಹಬ್ಬ. ಅವತ್ತು ಹೊಸ ಭತ್ತದ ತೆನೆ ಬೇಕಾದರೆ ನನ್ನ ಅಮ್ಮನೂ ಹೀಗೇ ಕಾಕಿಯ ತವರಿನ ಗದ್ದೆಗೆ ಹೇಳಿ ಕಳಿಸುತ್ತಿದ್ದಳು. ಅವರ ಹೊಸ್ತು ಎಂಬ ಹೊಸ ತೆನೆಯ ಹಬ್ಬಕ್ಕೂ ನಮ್ಮ ಹಬ್ಬಕ್ಕೂ ಒಂದೇ ಗದ್ದೆಯ ತೆನೆ. ಎರಡು ಮನೆಯವರೂ ಕೇಳುತ್ತಾರೆ, ಎರಡು ಮನೆಯವರೂ ಕೊಡುತ್ತಾರೆ. ಅಲ್ಲಿ ಯಾರಿಗೂ ಯಾರ ಉದ್ದೇಶದ ಮೇಲೂ ಸಂಶಯ ಇಲ್ಲ.

ನಮ್ಮ ಮನೆಗಳಿಗೆ ಗೊತ್ತಿರುವುದು ನಮ್ಮ ಚರ್ಚಿಗೆ ಯಾಕೆ ಗೊತ್ತಿಲ್ಲ? ಯೇಸುವಿಗೆ ಗೊತ್ತಿತ್ತಲ್ಲ. ಯೊವಾನ್ನನ ಸುವಾರ್ತೆಯ 4ನೇ ಅಧ್ಯಾಯ ತೆಗೆದು ನೋಡಿ. ಮಧ್ಯಾಹ್ನ, ಬಿಸಿಲು, ಬಾವಿ ಕಟ್ಟೆ. ಯೆಹೂದ್ಯರು ಸಮಾರ್ಯದವರ ಪಾತ್ರೆ ಮುಟ್ಟದ ಕಾಲ. ನೀರಿಗೆ ಬಂದ ಸಮಾರ್ಯದ ಹೆಂಗಸಿಗೆ ಅವನು ಮೊದಲು ಹೇಳಿದ್ದು ಕುಡಿಯಲು ನೀರು ಕೊಡು ಎಂದು. ಬಾಯಾರಿಕೆ ಅವನದ್ದು, ಕೊಡ ಅವಳದ್ದು. ಕಡೆಗೆ ಆ ಊರಿನವರು ಕರೆದರು, ಅವನು ಎರಡು ದಿನ ಅವರಲ್ಲೇ ಉಳಿದ. ಲೂಕನ 10ನೇ ಅಧ್ಯಾಯದಲ್ಲಿ 72 ಜನರನ್ನು ಊರೂರಿಗೆ ಕಳಿಸುವಾಗ ದುಡ್ಡಿನ ಚೀಲ ಬೇಡ, ಜೋಳಿಗೆ ಬೇಡ, ಚಪ್ಪಲಿಯೂ ಬೇಡ, ಅವರು ಇಟ್ಟದ್ದನ್ನು ಉಣ್ಣಿ ಎಂದ. ಕೈಯಲ್ಲಿ ಏನೂ ಇಲ್ಲದೆ ಹೋಗಿ, ಇನ್ನೊಬ್ಬರ ಅನ್ನ ತಿನ್ನಿ ಎಂದು ಕಳಿಸಿದವನ ಹೆಸರಿನಲ್ಲಿ ನಾವು ಅಕ್ಕಿ ಚೀಲ ಹೊತ್ತುಕೊಂಡೇ ಹೋಗುತ್ತೇವೆ.

ನಾವು ಏನೂ ಯೋಜನೆ ಹಾಕದ ಕಡೆ ಜನ ತಾವಾಗಿ ಬರುವುದನ್ನೂ ನೋಡಿದ್ದೇನೆ. ಡಿಸೆಂಬರ್ 3ಕ್ಕೆ ಹೊನ್ನಾವರ ತಾಲೂಕಿನ ಚಂದಾವರಕ್ಕೆ ಹೋಗಿ. ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬ. ಹಳೆಯ ಕೋಟೆಯ ಜಾಗ. ಮಲ್ಲಿಗೆ ಮುಡಿದು, ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು ಮೇಣದಬತ್ತಿ ಹಿಡಿದವರಲ್ಲಿ ಎಷ್ಟೋ ಮಂದಿ ಕ್ರೈಸ್ತರಲ್ಲ. ಅವರಿಗೆ ಯಾರೂ ಆಮಂತ್ರಣ ಪತ್ರಿಕೆ ಕೊಟ್ಟಿರುವುದಿಲ್ಲ. ತಮ್ಮ ಹರಕೆ ತಂದಿದ್ದಾರೆ, ಒಪ್ಪಿಸಿ ಬಸ್ಸು ಹಿಡಿಯುತ್ತಾರೆ. ಯಾರ ಧರ್ಮವೂ ಬದಲಾಗುವುದಿಲ್ಲ. ಅವರಿಗೆ ಅಷ್ಟು ಸಲೀಸಾಗಿ ನಮ್ಮ ಸಂತನ ಹತ್ತಿರ ಬರಲು ಆಗುತ್ತದೆ. ನಮಗೆ ಅವರ ಅಂಗಳ ದಾಟಲು ಇಷ್ಟು ಕಷ್ಟ.

ಕಷ್ಟಕ್ಕೆ ಭಯವೂ ಕಾರಣ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನಾವು ನೂರಕ್ಕೆ ಮೂರು ಜನರ ಆಸುಪಾಸು. 2022ರಲ್ಲಿ ರಾಜ್ಯದಲ್ಲಿ ಮತಾಂತರ ನಿಷೇಧ ಕಾನೂನು ಬಂತು. 2023ರ ಜೂನ್‌ನಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಚಿವ ಸಂಪುಟ ತೀರ್ಮಾನಿಸಿತು. ಆದರೆ ಈ ನಡುವೆ ನಮ್ಮ ಹುಡುಗರಿಗೆ ಅಭ್ಯಾಸವೇ ತಪ್ಪಿತು. ಮೊದಲು ಕ್ರಿಸ್‌ಮಸ್ ಹಾಡು ಹಾಡುತ್ತಾ ಹೋಗುವಾಗ ದಾರಿಯಲ್ಲಿ ಸಿಕ್ಕ ಎಲ್ಲಾ ಮನೆಗೂ ಹೋಗುತ್ತಿದ್ದರು. ಈಗ ನಮ್ಮವರ ಮನೆಗಳಿಗೆ ಮಾತ್ರ. ಯಾರಾದರೂ ಮೊಬೈಲಿನಲ್ಲಿ ವಿಡಿಯೋ ಮಾಡಿ ಏನಾದರೂ ಬರೆದು ಹಾಕಿದರೆ? ಈ ಭಯವನ್ನು ಸುಮ್ನೆ ಹುಟ್ಟಿದ್ದು ಎಂದು ತಳ್ಳಿ ಹಾಕಬೇಡಿ. "ತಪ್ಪು ತಿಳ್ಕೋಬೇಡಿ" ಎನ್ನುವವರಿಗೂ ಇದರಲ್ಲಿ ಪಾಲಿದೆ. ಬರುವವರ ಉದ್ದೇಶ ಹುಡುಕುತ್ತಾ ಕೂತರೆ ಬರುವವರು ನಿಲ್ಲಿಸಿಬಿಡುತ್ತಾರೆ.

ಇಗರ್ಜಿಯ ಪಾಲನಾ ಮಂಡಳಿಯ ಸಭೆಯಲ್ಲಿ ನಾನು ಹೇಳಿದ್ದು ಇಷ್ಟೆ. ಒಂದು ವರ್ಷ ಸೌಹಾರ್ದ ಕೂಟ ಬೇಡ. ಶಾಮಿಯಾನ, ಶಾಲು ಯಾವುದೂ ಬೇಡ. ಆ ವರ್ಷ ಯಾರು ಕರೆದರೂ ಹೋಗೋಣ. ಗೃಹಪ್ರವೇಶ, ಮದುವೆ, ಹದಿಮೂರನೇ ದಿನದ ಊಟ, ರಾತ್ರಿ ಯಕ್ಷಗಾನ. ಫೋಟೋ ತೆಗೆಯುವುದು ಬೇಡ, ವರದಿ ಬರೆಯುವುದು ಬೇಡ. ಕೇಳುವುದನ್ನೂ ಕಲಿಯೋಣ. ಹೊಸದಾಗಿ ಬಂದ ಫಾದರ್‌ಗೆ ಕನ್ನಡ ತಡವರಿಸುತ್ತದೆ, ಓಣಿಯಲ್ಲಿ ನಿವೃತ್ತ ಮಾಸ್ತರರು ಇದ್ದಾರೆ, ಕಲಿಸಿ ಎಂದು ಅವರ ಮನೆಗೇ ಹೋಗಿ ಕೇಳೋಣ. ನಮ್ಮ ಶಾಲೆಯ ಫೀ ಬಗ್ಗೆ ಊರಿನವರು ಏನು ಮಾತಾಡುತ್ತಾರೆ ಎಂದು ಅವರನ್ನೇ ಕೇಳೋಣ, ನಡುವೆ ಬಾಯಿ ಹಾಕದೆ.

ಇಬ್ಬರು ತಲೆಯಾಡಿಸಿದರು. ಒಬ್ಬ ಹಿರಿಯರು ಹೀಗೆ ಮಾಡಿದರೆ ಸುವಾರ್ತೆ ಸಾರುವುದು ಯಾವಾಗ ಎಂದು ಕೇಳಿದರು. ಅವರನ್ನು ನಾನು ಗೌರವಿಸುತ್ತೇನೆ, ಅವರ ಪ್ರಶ್ನೆ ಪ್ರಾಮಾಣಿಕವಾದದ್ದು. ನನ್ನ ನಂಬಿಕೆಯನ್ನು ನಾನು ಮುಚ್ಚಿಟ್ಟಿಲ್ಲ. ಯಾರಾದರೂ ಕೇಳಿದರೆ ಯೇಸು ನನಗೆ ಯಾರು ಎಂದು ಹೇಳುತ್ತೇನೆ, ಖುಷಿಯಿಂದ ಹೇಳುತ್ತೇನೆ. ಕಾಕಿ ಕೇಳಿದ್ದಾರೆ, ಹೇಳಿದ್ದೇನೆ. ಅವರೂ ತಮ್ಮ ಗಣಪತಿಯ ಬಗ್ಗೆ ಹೇಳಿದ್ದಾರೆ, ನಾನು ಕೇಳಿದ್ದೇನೆ. ಅದು ನಡೆದದ್ದು ಚಕ್ಕೋತದ ಮರದ ಕೆಳಗೆ, ಆಚೀಚೆ ಓಡಾಡಿದ ಇಷ್ಟು ವರ್ಷಗಳ ಮೇಲೆ. ಇದನ್ನೇ ಆ ಹಿರಿಯರಿಗೂ ಹೇಳಿದೆ.

ಫಾದರ್ ಏನೂ ಹೇಳಲಿಲ್ಲ. ಸಭೆ ಮುಗಿದ ಮೇಲೆ, ಚೌತಿಗೆ ಕಾಕಿಯ ಮನೆಗೆ ಎಷ್ಟು ಗಂಟೆಗೆ ಹೋದರೆ ಅನುಕೂಲ ಎಂದು ಕೇಳಿದರು. ಮಧ್ಯಾಹ್ನದ ಮಂಗಳಾರತಿ ಮುಗಿದ ಮೇಲೆ, ಊಟದ ಹೊತ್ತಿಗೆ ಹೋಗಿ ಎಂದೆ.