ಆಪರೇಟರ್‌ಗಳು ಹಳೇ ಡ್ರಾಯಿಂಗ್ ಯಾಕೆ ಬಚ್ಚಿಡ್ತಾರೆ

ಪೀಣ್ಯದಲ್ಲಿ ಗಾಡಿ ಬಿಡಿಭಾಗ ಮಾಡೋ ಒಂದು ಕಂಪನಿಲಿ ನಾನು ಡಾಕ್ಯುಮೆಂಟ್ ಕಂಟ್ರೋಲ್ ನೋಡ್ಕೊಳ್ತೀನಿ. ಡ್ರಾಯಿಂಗು (ಬಿಡಿಭಾಗದ ಅಳತೆ ನಕ್ಷೆ), ಪ್ರೋಸೆಸ್ ಶೀಟು, ಇನ್ಸ್‌ಪೆಕ್ಷನ್ ರಿಪೋರ್ಟು, ಪಿಒ (ಪರ್ಚೇಸ್ ಆರ್ಡರ್), ಇವೆಲ್ಲ ಎಲ್ಲಿರಬೇಕು, ಎಷ್ಟು ವರ್ಷ ಇರಬೇಕು, ಯಾವ ರಿವಿಷನ್ (ತಿದ್ದಿದ ಆವೃತ್ತಿ) ಯಾರ ಕೈಲಿರಬೇಕು ಅನ್ನೋದೇ ನನ್ನ ಕೆಲಸ. ರೆಕಾರ್ಡ್ ರೂಮಿನ ಫೈಲುಗಳು ಮತ್ತೆ ಷೇರ್ಡ್ ಡ್ರೈವಲ್ಲಿ ‘ಫೈನಲ್’, ‘ಫೈನಲ್ ನ್ಯೂ’, ‘ಫೈನಲ್ ಲೇಟೆಸ್ಟ್’ ಅಂತ ತುಂಬ್ಕೊಂಡಿದ್ದ ಫೋಲ್ಡರುಗಳು, ಎಲ್ಲಾನೂ ಶೇರ್‌ಪಾಯಿಂಟ್ ಅನ್ನೋ ಆನ್‌ಲೈನ್ ದಾಖಲೆ ಸಿಸ್ಟಮ್‌ಗೆ ತರಬೇಕು ಅಂತ ತೀರ್ಮಾನ ಆದಾಗ ಜವಾಬ್ದಾರಿ ನನ್ನ ಹೆಗಲಿಗೆ ಬಂತು.

ಆಫೀಸ್ ಕಡೆ ಅಷ್ಟೇನೂ ಕಷ್ಟ ಆಗ್ಲಿಲ್ಲ. ಅಕೌಂಟ್ಸ್‌ನೋರಿಗೆ ಕಾನೂನೇ ದಾರಿ ತೋರಿಸುತ್ತೆ, ಕಂಪನಿ ಕಾಯ್ದೆ 2013ರ ಪ್ರಕಾರ ಲೆಕ್ಕದ ಪುಸ್ತಕ 8 ವರ್ಷ ಇಡಬೇಕು, ಜಿಎಸ್‌ಟಿ ದಾಖಲೆ ವಾರ್ಷಿಕ ರಿಟರ್ನ್ ಕೊಡೋ ಕೊನೇ ದಿನದಿಂದ 72 ತಿಂಗಳು. ಪರ್ಚೇಸ್‌ನೋರು ಮಾತ್ರ ನಾವು ಪಿಒ ನಂಬರ್ ಹಾಕಿ ಹುಡುಕಲ್ಲ, ವೆಂಡರ್ ಹೆಸರಲ್ಲೇ ಹುಡುಕೋದು ಅಂತ ಹಠ ಹಿಡಿದ್ರು. ಅವರು ಹೇಳಿದ್ದು ಸರೀನೇ ಇತ್ತು, ಒಂದು ಕಾಲಂ ಸೇರಿಸಿದ್ವಿ, ಗಲಾಟೆ ಮುಗೀತು.

ನಮ್ಮ ಪ್ಲಾಂಟ್ ಹೆಡ್ ಪ್ರತಿ ಮೀಟಿಂಗಲ್ಲೂ ಭೂಮಿ ಯೋಜನೆ ಉದಾಹರಣೆ ಕೊಡೋರು. 2000ದ ಆಸುಪಾಸಲ್ಲಿ ಕರ್ನಾಟಕದ ಪಹಣಿಗಳನ್ನ ಕಂಪ್ಯೂಟರಿಗೆ ಹಾಕಿದಾಗ, ಸುಮಾರು 67 ಲಕ್ಷ ರೈತರದ್ದು 2 ಕೋಟಿ ಪಹಣಿ, ಒಂದೊಂದು ತಾಲ್ಲೂಕು ಕಚೇರಿಲಿ ಕಿಯೋಸ್ಕ್ ಶುರುವಾಗ್ತಿದ್ದಂಗೆ ಅಲ್ಲಿ ಕೈಬರಹದ ಪಹಣಿ ನಡೆಯಲ್ಲ ಅಂತ ಆದೇಶ ಆಗ್ತಿತ್ತು, 15 ರೂಪಾಯಿ ಕೊಟ್ರೆ ಪ್ರಿಂಟ್ ಸಿಕ್ತಿತ್ತು. ‘ಹಳೇ ಬಾಗ್ಲು ತೆರೆದಿಟ್ರೆ ಹೊಸ ಬಾಗ್ಲಿಗೆ ಯಾರೂ ಬರಲ್ಲಮ್ಮ’ ಅನ್ನೋರು. ಅದು ನಿಜಾನೇ, ಷೇರ್ಡ್ ಡ್ರೈವ್‌ನ ರೀಡ್ ಓನ್ಲಿ ಮಾಡಿದ ಮೇಲೇನೇ ನಮ್ಮ ಡಿಸೈನ್ ಇಂಜಿನಿಯರುಗಳು ಹೊಸ ಸಿಸ್ಟಮ್‌ಗೆ ಬಂದಿದ್ದು. ಆದ್ರೆ ಭೂಮಿಲಿ ಬಾಗ್ಲು ಮುಚ್ಚೋ ಮೊದ್ಲು ಟೈಪ್ ಮಾಡಿದ್ದನ್ನೆಲ್ಲ ಪ್ರಿಂಟ್ ತೆಗೆದು ಗ್ರಾಮ ಲೆಕ್ಕಿಗರ ಕೈಲೇ ತಾಳೆ ನೋಡಿಸಿದ್ರು, ಉದಾಹರಣೆ ಕೊಡುವಾಗ ಜನ ಅದನ್ನ ಬಿಟ್ಟುಬಿಡ್ತಾರೆ.

ಶಾಪ್ ಫ್ಲೋರಲ್ಲಿ ನಂಗೆ ಈ ಮಾತು ಚೆನ್ನಾಗಿ ಅರ್ಥ ಆಯ್ತು. ಹಿಂದಿನ ಆಡಿಟಲ್ಲಿ ಒಂದು ಮಷಿನ್ ಪಕ್ಕ ಹಳೇ ರಿವಿಷನ್ ಡ್ರಾಯಿಂಗ್ ಸಿಕ್ಕಿ ಎನ್‌ಸಿ (ನಿಯಮ ಪಾಲಿಸಿಲ್ಲ ಅನ್ನೋ ಆಕ್ಷೇಪ) ಬಿದ್ದಿತ್ತು, ಅದಕ್ಕೆ ಕಾಗದದ ಡ್ರಾಯಿಂಗೆಲ್ಲ ವಾಪಸ್ ತಗೊಂಡು ಮಷಿನ್‌ಗೊಂದು ಕ್ಯೂಆರ್ ಕೋಡ್ ಅಂಟಿಸಿ, ಟ್ಯಾಬಲ್ಲಿ ಸ್ಕ್ಯಾನ್ ಮಾಡಿದ್ರೆ ಈಗಿನ ರಿವಿಷನ್ನೇ ಬರೋ ಹಾಗೆ ಮಾಡಿದ್ವಿ. ಟ್ರೇನಿಂಗಲ್ಲಿ ಎಲ್ರೂ ಸ್ಕ್ಯಾನ್ ಮಾಡಿ ತೋರಿಸಿದ್ರು. ಆದ್ರೆ ಡ್ರಾಯಿಂಗ್ ವಾಪಸ್ ಬಂದಿದ್ದು ಬೆರಳೆಣಿಕೆಯಷ್ಟು. ಮಿಕ್ಕಿದ್ದು ಕಳೆದೋಯ್ತು, ಹರಿದೋಯ್ತು, ನೈಟ್ ಶಿಫ್ಟ್‌ನೋರ ಹತ್ರ ಇರಬೇಕು ಅಂತ ಹೇಳೋರು.

ಕೊನೆಗೆ ಒಂದಿನ ಮಧ್ಯಾಹ್ನ ಟರ್ನಿಂಗ್ ಸೆಕ್ಷನ್ನಿನ ಹಿರಿಯ ಆಪರೇಟರ್ ಒಬ್ರ ಹತ್ರ ಹೋಗಿ ಅಣ್ಣ, ಬೀರು ಸ್ವಲ್ಪ ತೆಗೀರಿ ಅಂದೆ. ಹಾಸನ ಕಡೆಯೋರು, ರಿಟೈರ್ಮೆಂಟ್ ಹತ್ರ ಬಂದಿದೆ, ಒಂದು ಮಾತು ಎದುರಾಡಿದೋರಲ್ಲ. ಟೂಲ್ ಹೋಲ್ಡರ್‌ಗಳ ಕೆಳಗಿಂದ ಪ್ಲಾಸ್ಟಿಕ್ ಕವರಲ್ಲಿ ಸುತ್ತಿಟ್ಟಿದ್ದ ಡ್ರಾಯಿಂಗ್ ಕಟ್ಟು ತೆಗೆದು ಟೇಬಲ್ ಮೇಲಿಟ್ಟು ‘ತಗೊಂಡೋಗಿ ಮೇಡಂ, ಆದ್ರೆ ನಾನು ರಜಾ ಹಾಕಿದ ದಿನ ಈ ಜಾಬ್ ಯಾರು ಸೆಟ್ ಮಾಡ್ತಾರೆ ಅಂತ ಹೇಳ್ಬಿಟ್ಟೋಗಿ’ ಅಂದ್ರು.

ಬಿಡಿಸಿ ನೋಡಿದ್ರೆ ಕೂಲೆಂಟ್ ಎಣ್ಣೆ ಹಿಡಿದ ಕಾಗದ, ಮಡಿಕೆ ಜಾಗಕ್ಕೆಲ್ಲ ಸೆಲ್ಲೋಟೇಪು, ಮಧ್ಯದಲ್ಲಿ 25 ಎಂಎಂ ಬೋರು (ತೂತು), ಎಚ್7 ಟಾಲರೆನ್ಸು, ಅಂದ್ರೆ ಮೇಲಕ್ಕೆ 21 ಮೈಕ್ರಾನ್ ಹೋಗಬಹುದು ಕೆಳಕ್ಕೆ ಸೊನ್ನೆ. ಅದರ ಪಕ್ಕ ಪೆನ್ಸಿಲಲ್ಲಿ ಕನ್ನಡದಲ್ಲಿ ‘ಮಷಿನ್ ಬಿಸಿ ಆದ್ಮೇಲೆ ಇನ್ನೊಂದ್ಸಲ ಅಳತೆ ನೋಡು’ ಅಂತ. ಇನ್ನೊಂದು ಮೂಲೇಲಿ ‘ಜಾ ಜಾಸ್ತಿ ಬಿಗಿ ಬೇಡ, ಗೋಡೆ ತೆಳ್ಳಗಿದೆ, ಬೋರ್ ಓವಲ್ ಆಗುತ್ತೆ’, ಜಾ ಅಂದ್ರೆ ಮಷಿನಲ್ಲಿ ಪೀಸ್ ಹಿಡಿಯೋ ಹಲ್ಲು. ಕೈಬರಹವೂ ಒಬ್ರದ್ದಲ್ಲ, ಅವರಿಗಿಂತ ಮುಂಚೆ ಆ ಮಷಿನಲ್ಲಿದ್ದೋರು ಬರೆದಿದ್ದೂ ಇತ್ತು. ಇದ್ಯಾವುದೂ ನಮ್ಮ ಪ್ರೋಸೆಸ್ ಶೀಟಲ್ಲಿರ್ಲಿಲ್ಲ. ಡಿಸೈನ್‌ನೋರ ಲೆಕ್ಕದಲ್ಲಿ ಅದು ಆಬ್ಸೊಲೀಟ್ ಆಗಿರೋ ಡ್ರಾಯಿಂಗು, ಚೂರು ಮಾಡಿ ಬಿಸಾಕಬೇಕಾದ್ದು. ಆಪರೇಟರಿಗೆ ಕೆಲಸದ ಜ್ಞಾನ ಎಲ್ಲ ಆ ಹಾಳೆ ಮೇಲೇ ಇದೆ.

ಆವತ್ತೇ ಕಲೆಕ್ಷನ್ ನಿಲ್ಲಿಸಿ ಅಂತ ಪ್ಲಾಂಟ್ ಹೆಡ್ ಹತ್ರ ಹೋದೆ. ಆಡಿಟ್ ಹತ್ರ ಇದೆ ಅಂತ ಅವರಿಗೆ ಸಿಟ್ಟು ಬಂತು, ಆದ್ರೆ ಆ ಹಾಳೆ ಮುಂದೆ ಹಿಡಿದಾಗ ಪೂರ್ತಿ ಓದಿದ್ರು, ಅವರೂ ಮಷಿನ್ ಮೇಲಿಂದಾನೇ ಬಂದೋರು. ಸೆಕ್ಷನ್ ಒಂದೊಂದಾಗಿ ಮಾಡಿ, ಅಲ್ಲಿವರೆಗೂ ಹಳೇ ಡ್ರಾಯಿಂಗ್ ಮೇಲೆ ಕೆಂಪು ಸೀಲ್ ಹೊಡೆದು ನಿಮ್ಮ ಕಸ್ಟಡಿಲಿಡಿ, ಅಂದ್ರು. ಆಪರೇಟರು, ಪ್ರೋಸೆಸ್ ಇಂಜಿನಿಯರು, ಕ್ವಾಲಿಟಿಯೋರು, ನಾನು, ಶಿಫ್ಟ್ ಬದಲಾಗೋ ಹೊತ್ತಲ್ಲಿ ಕೂತು ಒಂದೊಂದು ಪೆನ್ಸಿಲ್ ಸಾಲೂ ಓದಿದ್ವಿ. ಎಲ್ಲಾ ಸರಿ ಇತ್ತು ಅಂತಲ್ಲ, ಕೆಲವು ಸಾಲು ಹಳೇ ಅಳತೆಗೆ ಬರೆದಿದ್ದು, ಹೊಸ ರಿವಿಷನ್‌ಗೆ ಹಾಕಿದ್ರೆ ಪೀಸ್ ರಿಜೆಕ್ಟು. ಅದನ್ನ ಆ ಅಣ್ಣಾನೇ ನೋಡಿ ಇದು ಈಗ ಬೇಡ ಅಂತ ಹೊಡೆದಾಕಿದ್ರು. ಉಳಿದಿದ್ದು ಅಪ್ರೂವಲ್ ಆಗಿ ಸೆಟಪ್ ಶೀಟಿಗೆ ಹೋಯ್ತು, ಕನ್ನಡದಲ್ಲೇ, ತಯಾರಿಸಿದವರು ಅನ್ನೋ ಜಾಗದಲ್ಲಿ ಅವರ ಹೆಸರಿನ ಜೊತೆ. ಆ ಹೆಸರು ಹಾಕ್ಸೋಕೆ ನಾನು ತುಂಬಾ ವಾದ ಮಾಡಬೇಕಾಯ್ತು, ಅಲ್ಲಿ ಇಂಜಿನಿಯರ್ ಹೆಸರೇ ಇರೋದು ವಾಡಿಕೆ.

ಅದು ಟ್ಯಾಬಲ್ಲಿ ಬಂದ ಮೇಲೆ ಮಿಲ್ಲಿಂಗ್ ಸೆಕ್ಷನ್ನೋರು ತಾವಾಗೇ ಡ್ರಾಯಿಂಗ್ ಕಟ್ಟು ತಂದ್ಕೊಟ್ರು, ‘ನಮ್ದೂ ಹಾಕಿ ಮೇಡಂ’ ಅಂತ. ಜನ ಬದಲಾವಣೆಗೆ ವಿರೋಧ ಮಾಡ್ತಾರೆ ಅಂತ ಟ್ರೇನಿಂಗ್ ಸ್ಲೈಡಲ್ಲಿ ಹಾಕ್ತಾರಲ್ಲ, ನಂಗೆ ಅದು ನೋಡಿದ್ರೆ ಬೇಜಾರಾಗುತ್ತೆ. ಇವರು ಡ್ರಾಯಿಂಗ್ ಬಚ್ಚಿಟ್ಟಿದ್ದು ಪೀಸ್ ಹಾಳಾಗಬಾರ್ದು ಅಂತ.

ಇನ್ನೊಂದು ವಿಷ್ಯ, ಗಾಡಿ ಬಿಡಿಭಾಗ ಮಾಡೋರ ಕ್ವಾಲಿಟಿ ಸ್ಟ್ಯಾಂಡರ್ಡ್ ಐಎಟಿಎಫ್ 16949ರಲ್ಲಿ ಪಾರ್ಟ್ ಅಪ್ರೂವಲ್ಲು, ಟೂಲಿಂಗು, ಡಿಸೈನ್ ರೆಕಾರ್ಡುಗಳನ್ನ ಆ ಪಾರ್ಟು ಪ್ರೊಡಕ್ಷನ್ನಲ್ಲೋ ಸರ್ವಿಸಲ್ಲೋ ಇರೋವರೆಗೂ, ಅದರ ಮೇಲೆ ಇನ್ನೊಂದು ಕ್ಯಾಲೆಂಡರ್ ವರ್ಷ ಇಡಬೇಕು ಅಂತಿದೆ. ಗಾಡಿ ಮಾಡೋದು ನಿಂತ್ರೂ ಸ್ಪೇರ್ಸ್ ಬೇಕಾಗ್ತಾನೇ ಇರುತ್ತೆ, ಹಾಗಾಗಿ ಈ ಪೆನ್ಸಿಲ್ ಹಾಳೆಗಳನ್ನೂ ಸ್ಕ್ಯಾನ್ ಮಾಡಿ ಆಯಾ ಪಾರ್ಟ್ ನಂಬರ್ ಕೆಳಗೆ ಇಟ್ಟಿದೀನಿ, ಹುಡುಕಿದ್ರೆ ಬರುತ್ತೆ ಆದ್ರೆ ಶಾಪ್ ಫ್ಲೋರ್ ಟ್ಯಾಬಲ್ಲಿ ಬರಲ್ಲ.

ಈಗ ಬಾಕಿ ಇರೋದು ಹೊರಗಡೆ ಜಾಬ್ ವರ್ಕ್ ಮಾಡೋ ಚಿಕ್ಕ ಶೆಡ್‌ಗಳು. ಅವರಿಗೆ ಇವತ್ತಿಗೂ ಡ್ರಾಯಿಂಗ್ ಹೋಗೋದು ವಾಟ್ಸಾಪಲ್ಲಿ, ಯಾವ ರಿವಿಷನ್ ಯಾರ ಫೋನಲ್ಲಿದೆ ದೇವರಿಗೇ ಗೊತ್ತು. ಅಲ್ಲಿಗೆ ಹೋಗುವಾಗ ಆ ಅಣ್ಣನ್ನೂ ಜೊತೆಗೆ ಕರ್ಕೊಂಡು ಹೋಗ್ತೀನಿ ಅಂತ ಕೇಳಿದೀನಿ, ಪ್ರೊಡಕ್ಷನ್ನೋರು ಶನಿವಾರ ಅರ್ಧ ದಿನ ಬಿಡ್ತೀವಿ ಅಂದಿದಾರೆ.