ಮಹಾಗಾಂವ ಕ್ರಾಸಿನಲ್ಲಿ ಒಂದು ತಾಸು

ಕಲಬುರಗಿಯ ಒಳಗೆ ಓಡಾಡುವಷ್ಟು ದಿನ ನನ್ನ ಎಲೆಕ್ಟ್ರಿಕ್ ಸ್ಕೂಟರಿನ ಮೇಲೆ ನನಗೆ ಒಂದು ದೂರೂ ಇರಲಿಲ್ಲ. ಮನೆಯಿಂದ ಜಗತ್ ವೃತ್ತ, ಅಲ್ಲಿಂದ ಕಚೇರಿ, ಸಂಜೆ ಅಪ್ಪನ ಕೆರೆಯ ಕಡೆ ಒಂದು ಸುತ್ತು, ಎಲ್ಲ ಸೇರಿ ದಿನಕ್ಕೆ 20 ಕಿ.ಮೀ. ಮೂರೂವರೆ ಯುನಿಟ್ ಕರೆಂಟಿಗೆ, ಅಂದರೆ ಸುಮಾರು 25 ರೂಪಾಯಿಗೆ, ನಾಲ್ಕು ದಿನ ಓಡುತ್ತದೆ. ಹಳೆಯ ಪೆಟ್ರೋಲ್ ಗಾಡಿ ಅಷ್ಟೇ ದೂರಕ್ಕೆ 180 ರೂಪಾಯಿ ನುಂಗುತ್ತಿತ್ತು. ಈ ಲೆಕ್ಕವನ್ನು ಕಂಡಕಂಡವರಿಗೆಲ್ಲ ಒಪ್ಪಿಸಿದ್ದೇನೆ. ಒಪ್ಪದೆ ಉಳಿದವಳು ಅವ್ವ ಒಬ್ಬಳೇ.

ಮೇ ತಿಂಗಳ ಒಂದು ಭಾನುವಾರ ಕಮಲಾಪುರದಲ್ಲಿ ಸೋದರಮಾವನ ಮನೆಯ ಗೃಹಪ್ರವೇಶವಿತ್ತು. "ಬಸ್ಸಿಗೆ ಹೋಗೋಣ, ನನಗೆ ಪುಕ್ಕಟೆ" ಎಂದಳು. 2023ರಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಅವಳ ಮುಂದೆ ಯಾವ ಉಳಿತಾಯದ ಲೆಕ್ಕವೂ ನಿಲ್ಲುವುದಿಲ್ಲ. ನಾನೇ ಹಟ ಹಿಡಿದು ಹಿಂದೆ ಕೂರಿಸಿಕೊಂಡೆ. ಹೋಗಿಬರಲು 70 ಕಿ.ಮೀ. ಚಿಲ್ಲರೆ, ಮೀಟರ್ 80 ತೋರಿಸುತ್ತಿತ್ತು.

ಹುಮನಾಬಾದ್ ರಸ್ತೆಗೆ ಬಿದ್ದೊಡನೆ ಎದುರುಗಾಳಿ. ಇಬ್ಬರ ಭಾರ, 60ರ ವೇಗ. ಊರೊಳಗೆ ಬ್ರೇಕ್ ಹಿಡಿದಾಗಲೆಲ್ಲ ಬ್ಯಾಟರಿಗೆ ಒಂದಿಷ್ಟು ಮರಳಿ ಬರುತ್ತದೆ, ಹೆದ್ದಾರಿಯಲ್ಲಿ ಬರೀ ಖರ್ಚು. ಕಮಲಾಪುರ ಮುಟ್ಟಿದಾಗ ಉಳಿದದ್ದು 38 ಪರ್ಸೆಂಟ್. ಬಿಸಿಲಲ್ಲಿ ಓಡಿ ಕಾದ ಬ್ಯಾಟರಿ ತಣ್ಣಗಾಗಲೆಂದು ಅರ್ಧ ತಾಸು ಬಿಟ್ಟೆ. ಆಮೇಲೆ ಚಾರ್ಜಿಗೆ ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ಹೋಳಿಗೆ ಉಂಡದ್ದು ನೆನಪಿದೆ, ರುಚಿ ನೆನಪಿಲ್ಲ.

ಸಂಜೆಯವರೆಗೂ ಕರೆಂಟ್ ಬರಲಿಲ್ಲ. 45ರಲ್ಲೇ ಹೊರಟು 35ರ ವೇಗ ದಾಟದಂತೆ ಓಡಿಸಿದೆ. ಒಂದು ಹಳೆಯ ಲೂನಾ ನಮ್ಮನ್ನು ಹಿಂದೆ ಹಾಕಿ ಹೋಯಿತು. ರಸ್ತೆಗೆ ಅಡ್ಡ ನಿಂತ ಎಮ್ಮೆಗಳಿಗೆ ಈ ಗಾಡಿ ಬಂದದ್ದೇ ಕೇಳಿಸುವುದಿಲ್ಲ, ಹಾರ್ನ್ ಹೊಡೆದು ಹೊಡೆದು ಬೆರಳು ನೋಯುತ್ತಿತ್ತು. ಮಹಾಗಾಂವ ಕ್ರಾಸಿಗೆ ಬರುವಷ್ಟರಲ್ಲಿ 26. ಇನ್ನೂ 24 ಕಿ.ಮೀ. ಬಾಕಿ.

ಚಹಾದ ಹೋಟೆಲಿನವನು ಚಾರ್ಜರ್ ನೋಡಿಯೇ ಹಿಂದೆ ಸರಿದ. "ಮೊಬೈಲ್ ಆದರೆ ಹಾಕಿಕೊಳ್ಳಿ ಸರ್. ಇದಕ್ಕೆ ಮೀಟರ್ ಹಾರಿಹೋಗುತ್ತದೆ." ಒಂದು ತಾಸಿಗೆ ಒಂದು ಯುನಿಟ್ಟೂ ಆಗುವುದಿಲ್ಲ ಎಂದರೆ ನಂಬಲಿಲ್ಲ. ಅವ್ವ ಅಷ್ಟರಲ್ಲಿ ಬೆಂಚಿನ ಮೇಲೆ ಕುಳಿತು ಎರಡು ಪ್ಲೇಟ್ ಸುಸಲಾ, ಮಿರ್ಚಿ ಹೇಳಿಬಿಟ್ಟಿದ್ದಳು. ಪ್ಲಗ್ ಸಿಕ್ಕಿತು.

ಗಾಡಿಯ ಸುತ್ತ ಜನ ಸೇರಿದರು. ಎಷ್ಟು ಕೊಡುತ್ತದೆ? ಮಳೆಯಲ್ಲಿ ಶಾಕ್ ಹೊಡೆಯುವುದಿಲ್ಲವೇ? ಬಿಸಿಲಿಗೆ ಸಿಡಿಯುತ್ತದಂತೆ, ಹೌದೇ? ದಿನವೂ ಕೇಳುವ ಪ್ರಶ್ನೆಗಳು, ಉತ್ತರ ಬಾಯಿಪಾಠ. ಒಬ್ಬ ರೈತ ಮಾತ್ರ ಸೀಟನ್ನು ಒತ್ತಿ ನೋಡಿ, "ಒಂದು ಚೀಲ ತೊಗರಿ ಹೇರಿಕೊಂಡು ಹೊಲದ ದಾರಿಯಲ್ಲಿ ಬರುತ್ತದೆಯೇ?" ಎಂದ. ಬರುತ್ತದೆ, ಎಳೆಯುವ ಶಕ್ತಿಗೆ ಕೊರತೆಯಿಲ್ಲ ಎಂದೆ. "ಎಂಟು ವರ್ಷವಾದ ಮೇಲೆ?" ಆಗ ಹೊಸ ಬ್ಯಾಟರಿಯ ಬೆಲೆ ಹೇಳಬೇಕಾಯಿತು. ಅದು ನಾನು ಯಾರಿಗೂ ಒಪ್ಪಿಸದ ಲೆಕ್ಕ. ಅವನು ತನ್ನ ಹಳೆಯ ಬೈಕಿಗೆ ಕಿಕ್ ಹೊಡೆದು ಹೋದ.

ಸುಸಲಾ, ಮಿರ್ಚಿ, ಎರಡೆರಡು ಚಹಾ ಸೇರಿ ಬಿಲ್ಲು 130 ರೂಪಾಯಿ. ಮನೆ ಮುಟ್ಟಿದಾಗ ಮೀಟರಿನಲ್ಲಿ 12 ಉಳಿದಿತ್ತು.

"ಅಮವಾಸ್ಯೆಗೆ ಗಾಣಗಾಪುರಕ್ಕೆ ಹೋಗಬೇಕು" ಎಂದಳು ಅವ್ವ, ಸೆರಗಿನಿಂದ ಮುಖದ ಧೂಳು ಒರೆಸಿಕೊಳ್ಳುತ್ತ. ನಾನು ಚಾರ್ಜರಿನ ವೈರ್ ಬಿಡಿಸುತ್ತಿದ್ದೆ.

"ಬಸ್ ಎಷ್ಟು ಗಂಟೆಗಿದೆ, ಕೇಳಿ ಬರುತ್ತೇನೆ" ಎಂದೆ.

"ನಿನಗೆ ಟಿಕೆಟ್ ಬೀಳುತ್ತದೆ ನೋಡು" ಎಂದಳು.